ಹಾಳೆಯ ಬೆನ್ನು

ನನ್ನ ಜೆರಾಕ್ಸ್ ಅಂಗಡಿಯಲ್ಲಿ ‘ಆಂಟಿ’ ಅಂದವರಿಗೆ ಒಂದು ರೇಟು, ‘ಅಕ್ಕ’ ಅಂದವರಿಗೆ ಇನ್ನೊಂದು. ಬೋರ್ಡಿನಲ್ಲಿ ಬರೆದು ಹಾಕಿಲ್ಲ, ಆದರೆ ಕಾಲೇಜಿನ ಗೇಟಿನಿಂದ ಬಸ್‌ಸ್ಟಾಪಿನವರೆಗೆ ಎಲ್ಲರಿಗೂ ಗೊತ್ತು. ಇರುವೆ ಎಂಬ ಆ ಹುಡುಗಿ ಅದನ್ನು ತಿಳಿದುಕೊಂಡೇ ಬಂದಿದ್ದಳು. ಮೊದಲ ದಿನ ಕೌಂಟರಿನ ಮುಂದೆ ನಿಂತು, "ಅಕ್ಕ, ಒಂದೇ ಕಡೆ ಆದ್ರೆ ಎಷ್ಟು? ಎರಡೂ ಕಡೆ ಆದ್ರೆ ಎಷ್ಟು? ಹಾಳೆ ನಾನೇ ತಂದ್ರೆ ಎಷ್ಟು?" ಎಂದು ಕೇಳಿದಳು.

"ಮೆಷಿನ್ನೂ ನೀನೇ ತಂದ್ರೆ ಪುಕ್ಕಟೆ" ಎಂದೆ. ಅವಳು ನಗಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು.

ಇರುವೆ ಅಂತ ಹೆಸರಿಟ್ಟವಳು ನಾನೇ. ಸಣ್ಣ ದೇಹ, ಬೆನ್ನಿಗೆ ತನಗಿಂತ ದೊಡ್ಡ ಚೀಲ, ನೆಲ ನೋಡಿಕೊಂಡು ಸರಸರ ನಡೆಯುವ ಪೈಕಿ. ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬ್ ಕೋರ್ಸು ಓದುತ್ತಿದ್ದಳು. ತಂದೆ ಇಲ್ಲ. ತಾಯಿಗೆ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುವ ಕೆಲಸ. ಕಾರ್ಖಾನೆಯವರು ಒಂದು ಪಾಳಿ ನಿಲ್ಲಿಸಿ ಅರ್ಧ ಜನರನ್ನು ಮನೆಗೆ ಕಳಿಸಿದ ವರ್ಷವೇ ಇವಳ ಎರಡನೇ ವರ್ಷದ ಫೀಸು ಕಟ್ಟುವ ಕಾಲ ಬಂತು. ಬ್ಯಾಂಕಿನವರು ಜಾಮೀನು ಕೇಳಿದರು. ಜಾಮೀನಿಗೆ ನಿಲ್ಲುವಂಥ ನೆಂಟರಿದ್ದರೆ ಬ್ಯಾಂಕಿನ ಮೆಟ್ಟಿಲು ಯಾಕೆ ಹತ್ತುತ್ತಿದ್ದಳು ಹೇಳಿ! ಕಡೆಗೆ ವಾರದ ಫೈನಾನ್ಸಿನಲ್ಲಿ ತೆಗೆದುಕೊಂಡಳು. ಕಾಗದದ ಮೇಲೆ ಐವತ್ತು ಸಾವಿರ, ಕೈಗೆ ಬಂದದ್ದು ನಲವತ್ತು. ವಾರಕ್ಕೊಂದು ಸಾವಿರದಂತೆ ಐವತ್ತು ವಾರ ಕಟ್ಟಬೇಕು.

"ಬೆಳಿಗ್ಗೆ ಎರಡು ಗಂಟೆ, ಸಾಯಂಕಾಲ ಮೂರು ಗಂಟೆ ಕೆಲಸ ಕೊಡಿ ಅಕ್ಕ. ವಾರಕ್ಕೆ ಏಳುನೂರು ಸಾಕು. ಉಳಿದ ಮುನ್ನೂರು ನಾನು ಹೊಂದಿಸ್ಕೋತೀನಿ" ಎಂದಳು.

"ಎಲ್ಲಿಂದ ಹೊಂದಿಸ್ತೀಯ?"

ಚೀಲದಿಂದ ನೋಟ್ಸು ತೆಗೆದು ತೋರಿಸಿದಳು. ಮುತ್ತು ಪೋಣಿಸಿದ ಹಾಗೆ ಅಕ್ಷರ. ಅದರ ಪ್ರತಿ ನನ್ನ ಡ್ರಾಯರಿನಲ್ಲಿ ಇರಬೇಕು, ಕೇಳಿದವರಿಗೆ ನಾನು ಕಾಪಿ ತೆಗೆದು ಮಾರಬೇಕು, ಮೂರರಲ್ಲೊಂದು ಪಾಲು ಅವಳಿಗೆ. ಇಪ್ಪತ್ತು ವರ್ಷ ಅಂಗಡಿ ನಡೆಸಿದ ನನಗೆ ಹೊಳೆಯದ ವ್ಯಾಪಾರ ಇದು. ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಕರುಣೆಯಿಂದಲ್ಲ, ಲಾಭ ಕಂಡು. ಈಗ ಸುಳ್ಳು ಹೇಳಿ ಪ್ರಯೋಜನವಿಲ್ಲ.

ಅಂಗಡಿಯ ಬೀರುವಿನ ಬಾಗಿಲ ಒಳಮೈಗೆ ಅವಳು ಒಂದು ಹಾಳೆ ಅಂಟಿಸಿದಳು. ಅದರಲ್ಲಿ ಸ್ಕೇಲ್ ಹಿಡಿದು ಎಳೆದ ಐವತ್ತು ಮನೆಗಳು. ಪ್ರತಿ ಶುಕ್ರವಾರ ಕಂತು ಕಟ್ಟಿದ ಮೇಲೆ ಕರಿ ಮಾರ್ಕರಿನಿಂದ ಒಂದು ಮನೆ ತುಂಬುತ್ತಿದ್ದಳು. ಗೆರೆ ಆಚೀಚೆ ಹೋಗದಂತೆ, ಉಸಿರು ಬಿಗಿಹಿಡಿದು. ಬಸ್ಸಿನ ದುಡ್ಡು ಉಳಿಸಲು ಮುಕ್ಕಾಲು ಗಂಟೆ ನಡೆದೇ ಬರುವಳು. ಮಧ್ಯಾಹ್ನದ ಒಂದು ಬನ್ನನ್ನು ಎರಡು ಭಾಗ ಮಾಡಿ ಸಾಯಂಕಾಲಕ್ಕೂ ಇಡುವಳು. ಪರೀಕ್ಷೆ ಫೀಸಿಗೆಂದು ಖಾಲಿ ಟೋನರ್ ಡಬ್ಬದಲ್ಲಿ ಬೇರೆ ದುಡ್ಡು ಹಾಕುವಳು. ಸತ್ತರೂ ಅದನ್ನು ಮುಟ್ಟುವಂತಿಲ್ಲ. ಒಮ್ಮೆ ಮೂರು ದಿನ ಜ್ವರದಲ್ಲಿ ಮಲಗಿ ಮುನ್ನೂರು ಕಡಿಮೆ ಬಿದ್ದಾಗ, "ತಗೋ, ಆಮೇಲೆ ಕೊಡು" ಎಂದು ನಾನು ನೋಟು ಚಾಚಿದೆ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬೇಡ ಅಕ್ಕ. ಸಾಲ ತೀರಿಸೋಕೆ ಸಾಲ ಮಾಡಲ್ಲ. ಅದೂ ಅಲ್ದೆ ನಿಮ್ಮ ಹತ್ರ ತಗೊಂಡ್ರೆ ಆಮೇಲೆ ನಿಮ್ಮನ್ನ ಬೈಯೋಕಾಗಲ್ಲ."

"ಅಬ್ಬಾ! ಈಗೇನು ಕಡಿಮೆ ಬೈತೀಯಾ?"

ಆ ವಾರ ಸಹಪಾಠಿಯೊಬ್ಬಳ ರೆಕಾರ್ಡ್ ಪುಸ್ತಕಕ್ಕೆಲ್ಲ ಚಿತ್ರ ಬರೆದುಕೊಟ್ಟು ಮುನ್ನೂರು ತಂದಳು. ಮನೆ ಕಪ್ಪಾಯಿತು.

ಅವಳ ಕಥೆ ಹೇಳುತ್ತೇನೆಂದು ಕೂತು ನನ್ನ ಕಥೆಯನ್ನೂ ಹೇಳಬೇಕಾಗಿದೆ. ನಾನು ಜಿಪುಣಿ. ಮೆಷಿನನ್ನು ಸಾಲದಲ್ಲಿ ತಂದು ಆರು ವರ್ಷ ತೀರಿಸಿದವಳು. ಅಂಥವರ ಕೈಯಿಂದ ಒಂದು ಹಾಳೆಯೂ ಸುಮ್ಮನೆ ಜಾರುವುದಿಲ್ಲ. ಕಾಪಿ ತೆಗೆಯುವಾಗ ಓರೆಯಾದದ್ದು, ಮಸಿ ಹತ್ತಿದ್ದು, ಎರಡೆರಡು ಬಂದದ್ದು ಎಲ್ಲವನ್ನೂ ನಾನು ಎತ್ತಿಡುತ್ತೇನೆ. ಐವತ್ತಾದರೆ ಅರ್ಧಕ್ಕೆ ಕತ್ತರಿಸದೆ ಹಾಗೇ ಜೋಡಿಸಿ, ತಲೆಗೆ ಗೋಂದು ಹಚ್ಚಿ, ಹಿಂದೊಂದು ರಟ್ಟು ಕೊಟ್ಟರೆ ರಫ್ ಪ್ಯಾಡ್ ತಯಾರು. ಖಾಲಿ ಬೆನ್ನಿನ ಮೇಲೆ ಹುಡುಗರು ಲೆಕ್ಕ ಮಾಡುತ್ತಾರೆ, ಅಂಗಡಿಯವರು ಚೀಟಿ ಬರೆಯುತ್ತಾರೆ. ‘ಹಾಳೆ ಹಾಳಾದ್ರೂ ಬೆನ್ನು ಹಾಳಾಗಲ್ಲ’ ಎಂಬುದು ನನ್ನ ಮಾತು. ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ.

ಶುಕ್ರವಾರ ಐದು ಗಂಟೆಗೆ ಕಂತು ವಸೂಲಿಗೆ ಬರುತ್ತಿದ್ದವನು ಫೈನಾನ್ಸಿನ ಏಜೆಂಟ್. ನಾವು ಅವನನ್ನು ಕನ್ನಡಕದವನು ಅನ್ನುತ್ತಿದ್ದೆವು. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ನನಗೆ ‘ಅಕ್ಕ’, ಇರುವೆಗೆ ‘ಮೇಡಂ’. ವಯಸ್ಸಿನಲ್ಲಿ ಮಗಳಂತಿರುವವಳಿಗೆ ಬಹುವಚನ! ಅವಳು ದುಡ್ಡು ಎಣಿಸಿ ಕೊಡುವಾಗ ಅವನು ಕೌಂಟರಿಗೆ ಒರಗಿ ನನ್ನ ಪ್ಯಾಡುಗಳನ್ನು ಒಂದೊಂದೇ ಹಾಳೆ ಮಗುಚಿ ನೋಡುವನು. ಖಾಲಿ ಬದಿಯನ್ನಲ್ಲ, ಮುದ್ರಣವಿದ್ದ ಬದಿಯನ್ನು. ಆಮೇಲೆ ಎರಡು ಪ್ಯಾಡ್ ಆರಿಸಿಕೊಂಡು, ಬೆಲೆಯಲ್ಲಿ ಚೌಕಾಸಿ ಮಾಡದೆ ಹೋಗುವನು.

"ಇವರಂಥವರು ನೂರು ಜನ ಇದ್ರೆ ನಮ್ಮ ಕೆಲಸ ಎಷ್ಟು ಸಲೀಸು ಅಕ್ಕ" ಎಂದು ಒಮ್ಮೆ ಇರುವೆಯ ಕಾರ್ಡಿಗೆ ಸೀಲು ಒತ್ತುತ್ತಾ ಹೇಳಿದ. "ಒಂದು ದಿನ ತಪ್ಪಿಲ್ಲ ನೋಡಿ."

ನನಗೆ ಎಂಥ ಖುಷಿ, ನನ್ನ ಮನೆಯ ಮಗುವನ್ನೇ ಹೊಗಳಿದ ಹಾಗೆ. ಅತಿ ವಿನಯ ಧೂರ್ತ ಲಕ್ಷಣ ಅಂತ ನನ್ನಜ್ಜಿ ಸಾವಿರ ಸಲ ಹೇಳಿದ್ದಳು. ಆ ಬುದ್ಧಿ ಆಗ ಎಲ್ಲಿ ಹೋಗಿತ್ತೋ!

ಇಪ್ಪತ್ತನೇ ಮನೆ ತುಂಬಿದ ವಾರ ನನ್ನ ಮೆಷಿನಿನ ಡ್ರಮ್ಮಿಗೆ ಗೀರು ಬಿತ್ತು. ತೆಗೆದ ಪ್ರತಿ ಕಾಪಿಯ ಮೇಲೂ ಎಡ ಅಂಚಿನಿಂದ ಎರಡು ಬೆರಳು ದೂರದಲ್ಲಿ ಮೇಲಿಂದ ಕೆಳಕ್ಕೆ ಒಂದು ಕಪ್ಪು ಗೆರೆ, ನಡುವೆ ತುಂಡಾದ ದಾರದ ಹಾಗೆ ಸ್ವಲ್ಪ ಬಿಟ್ಟು ಮತ್ತೆ ಶುರು. ಮೆಕ್ಯಾನಿಕ್ ಹೇಳಿದ ರೇಟು ನನಗೆ ಒಪ್ಪಿಗೆಯಾಗಲಿಲ್ಲ. ಅವನ ಜೊತೆ ಜಗ್ಗಾಡಿ ಜಗ್ಗಾಡಿ ಒಂಬತ್ತು ದಿನ ಕಳೆದೆ. ಆ ಒಂಬತ್ತು ದಿನದಲ್ಲಿ ಹಾಳಾದ ಹಾಳೆಗೆ ಲೆಕ್ಕವಿಲ್ಲ. ಅದರಲ್ಲಿ ಒಂದು ಇರುವೆಯ ಗುರುತಿನ ಚೀಟಿಯದು. ಗೆರೆ ಸರಿಯಾಗಿ ಅವಳ ಎಡಗಣ್ಣಿನ ಮೇಲೆ ಹಾದಿತ್ತು.

"ಅಕ್ಕ, ಇದನ್ನ ಹರಿದು ಹಾಕ್ಬಿಡಿ. ಫೋಟೊ, ಸಹಿ, ನಂಬರು ಎಲ್ಲಾ ಇದೆ."

"ಹರಿಯೋಕೆ ಹಾಳೆಗೆ ನಿಮ್ಮಪ್ಪ ದುಡ್ಡು ಕೊಟ್ಟಿದ್ನಾ?" ಎಂದು ಕಿತ್ತುಕೊಂಡು ರಾಶಿಗೆ ಹಾಕಿದೆ. ಅಪ್ಪನಿಲ್ಲದ ಮಗುವಿಗೆ ಆಡುವ ಮಾತೇ ಅದು? ಆದರೆ ಆಡಿದೆ.

ನಲವತ್ತಮೂರು ಮನೆ ತುಂಬಿದ್ದಾಗ ಫೋನು ಶುರುವಾಯಿತು. ಬೇರೆ ಯಾವುದೋ ಕಂಪನಿ. ನೀವು ನಮ್ಮಲ್ಲಿ ಅರವತ್ತು ಸಾವಿರ ತಗೊಂಡಿದ್ದೀರಿ, ಮೊದಲು ಸರಿಯಾಗಿ ಕಟ್ಟಿದಿರಿ, ಈಗ ಮೂರು ಕಂತು ಬಾಕಿ, ಒಂಬತ್ತು ಸಾವಿರ ತಕ್ಷಣ ಕಟ್ಟಿ. ನಾನು ತಗೊಂಡೇ ಇಲ್ಲ ಎಂದು ಇರುವೆ ಹೇಳಿದಳು. ದಿನಕ್ಕೆ ಹತ್ತು ಸಲ ಹೇಳಿದಳು. ಆಮೇಲೆ ಫೋನು ತಾಯಿಗೂ ಹೋಯಿತು, ಕಾಲೇಜಿನ ಆಫೀಸಿಗೂ ಹೋಯಿತು. ಪೊಲೀಸರ ಹತ್ತಿರ ಹೋದರೆ, ‘ದಾಖಲೆ ಏನಿದೆ? ಅವರು ಕಳಿಸಿದ ಕಾಗದ ತಗೊಂಡು ಬಾ’ ಅಂದರಂತೆ. ಕಂಪನಿಯವರು ‘ಅಂಗಡಿ ವಿಳಾಸಕ್ಕೆ ಕಾಗದ ಕಳಿಸಿದ್ದೀವಿ’ ಅನ್ನುತ್ತಿದ್ದರಂತೆ.

"ಏನಾದ್ರೂ ಬಂತಾ ಅಕ್ಕ?"

"ಏನೂ ಬಂದಿಲ್ಲ ಕಣೇ."

ಬಂದಿತ್ತು. ಹಿಂದಿನ ದಿನ ಅವಳು ಕ್ಲಾಸಿನಲ್ಲಿದ್ದಾಗ ಬಂದ ಕವರನ್ನು ನಾನೇ ಒಡೆದಿದ್ದೆ. ಯಾರ ಕವರ್ ಬಂದರೂ ಒಡೆದು ನೋಡುವ ಕೆಟ್ಟ ಚಾಳಿ ನನ್ನದು. ಒಳಗೆ ಸಾಲದ ನೋಟೀಸು, ಅದರ ಹಿಂದೆ ಪಿನ್ನು ಹೊಡೆದ ಗುರುತಿನ ಚೀಟಿಯ ಕಾಪಿ. ಎಡಗಣ್ಣಿನ ಮೇಲೆ ಕಪ್ಪು ಗೆರೆ. ನಡುವೆ ತುಂಡಾದ ಗೆರೆ. ಸ್ಟೂಲಿನ ಮೇಲೆ ಕೂತೆ. ಆ ಹಾಳೆ ಎಲ್ಲಿಂದ ಎಲ್ಲಿಗೆ ಹೋಗಿ ಹೀಗೆ ತಿರುಗಿ ಬಂತು ಎಂದು ತಿಳಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಕೌಂಟರಿಗೆ ಒರಗಿ ಹಾಳೆ ಮಗುಚುತ್ತಿದ್ದ ಬೆರಳುಗಳು ಕಣ್ಣಿಗೆ ಕಟ್ಟಿದವು.

ಆ ಕಾಗದವನ್ನು ಅವಳ ಕೈಗೆ ಕೊಟ್ಟಿದ್ದರೆ ಪೊಲೀಸರಿಗೆ ದಾಖಲೆಯಾಗುತ್ತಿತ್ತು. ಜೊತೆಗೆ ಈ ಹಾಳೆ ಯಾವ ಅಂಗಡಿಯದು ಎಂಬ ಪ್ರಶ್ನೆಯೂ ಏಳುತ್ತಿತ್ತು. ಆಮೇಲೆ ಯಾವ ವಿದ್ಯಾರ್ಥಿ ತನ್ನ ಅಂಕಪಟ್ಟಿ ನನ್ನ ಕೈಗೆ ಕೊಡುತ್ತಾನೆ? ಅಂಗಡಿ ಮುಚ್ಚಿ ಎಲ್ಲಿ ಹೋಗಲಿ? ಕಾಗದವನ್ನು ಕ್ಯಾಶ್ ಡ್ರಾಯರಿನ ಅಡಿಗೆ ತುರುಕಿದೆ. ಮೂರು ದಿನ ಅದರ ಮೇಲೆಯೇ ಚಿಲ್ಲರೆ ಎಣಿಸಿದೆ. ಕುಂಬಳಕಾಯಿ ಕಳ್ಳಿಯ ಹಾಗೆ, ಅವಳು ಡ್ರಾಯರಿನ ಕಡೆ ಬಂದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ.

ಗುರುವಾರ ಬೆಳಿಗ್ಗೆ ಇರುವೆ ಬಂದು ಟೋನರ್ ಡಬ್ಬ ಕೆಳಗಿಳಿಸಿದಳು. ಮುಚ್ಚಳ ತೆಗೆದು ನೋಟುಗಳನ್ನು ಕೌಂಟರಿನ ಮೇಲೆ ಹರಡಿದಳು. ಎಂಟು ಸಾವಿರದ ನಾನೂರು.

"ಯಾಕೆ ತೆಗೆದೆ? ಸೋಮವಾರ ತಾನೇ ಪರೀಕ್ಷೆ ಫೀಸಿಗೆ ಕೊನೇ ದಿನ?"

"ಫೀಸು ಕಟ್ಟಲ್ಲ ಅಕ್ಕ. ಅವರಿಗೆ ಕಟ್ಟಿಬಿಡ್ತೀನಿ. ಅಮ್ಮ ಬಾಡಿಗೆಗಿರೋ ಮನೆ ಬಾಗಿಲಿಗೆ ಬಂದು ಕೂಗಾಡ್ತಾರಂತೆ. ಓನರ್ ಆಗ್ಲೇ ಮನೆ ಖಾಲಿ ಮಾಡಿ ಅಂದಿದಾರೆ."

"ನಿನ್ನದಲ್ಲದ ಸಾಲ ಯಾಕೆ ಕಟ್ತೀಯೇ? ತಲೆ ಕೆಟ್ಟಿದೆಯಾ? ಈ ಸಲ ಪರೀಕ್ಷೆ ಬರೀದಿದ್ರೆ ಆ ಆಸ್ಪತ್ರೆ ಕೆಲಸ?"

ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳಿಗೆ ಜಾಗ ಇಟ್ಟಿದ್ದರು, ಈ ವರ್ಷ ಪಾಸಾದರೆ ಮಾತ್ರ. ಅವಳು ನೋಟುಗಳನ್ನು ಒಂದೇ ಮುಖವಾಗಿ ಜೋಡಿಸುತ್ತಿದ್ದಳು. "ಮುಂದಿನ ವರ್ಷ ಬರೀತೀನಿ" ಎಂದಳು. ಹುಡುಗಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ನಾನು ಬೈದು ಸುಮ್ಮನಾಗಿಸುತ್ತಿದ್ದೆ. ಶನಿವಾರದವರೆಗೆ ಕಾಯಿ ಎಂದು ಅವಳ ಕೈ ಹಿಡಿದು ಕೇಳಿಕೊಂಡೆ. ನನ್ನಂಥವಳು ಕೇಳಿಕೊಂಡದ್ದು ನೋಡಿ ಅವಳಿಗೇ ಆಶ್ಚರ್ಯವಾಯಿತು.

ಶುಕ್ರವಾರ ಅವಳ ಕಂತಿನ ಸಾವಿರವನ್ನು ನನ್ನ ಹತ್ತಿರ ಇಟ್ಟುಕೊಂಡು, ಬೈಂಡ್ ಮಾಡಿದ ಪುಸ್ತಕಗಳನ್ನು ಹೊರಿಸಿ ಕಾಲೇಜಿಗೆ ಅಟ್ಟಿದೆ. ಐದಕ್ಕೆ ಸರಿಯಾಗಿ ಕನ್ನಡಕದವನು ಬಂದ. ನಾನು ಡ್ರಾಯರಿನಿಂದ ಕಾಗದ ತೆಗೆದು ಅವನ ಮುಂದಿಟ್ಟೆ.

"ಇದು ನಿನ್ನ ಕೆಲಸ ತಾನೇ?" ಬಹುವಚನ ಬಾಯಿಗೆ ಬರಲೇ ಇಲ್ಲ.

ಅವನು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. "ನನ್ನ ಕೆಲಸ ಅಂತ ಹ್ಯಾಗೆ ಹೇಳ್ತೀರಿ ಅಕ್ಕ? ಹಾಳೆ ನಿಮ್ಮದು. ಗೆರೆ ನಿಮ್ಮದು. ಮಾರಿದ್ದು ನೀವು."

"ಪೊಲೀಸರ ಹತ್ರ ಹೋಗ್ತೀನಿ."

"ಹೋಗಿ. ಅಂಗಡೀಲಿ ಕೊಟ್ಟ ಜನರ ದಾಖಲೆ ಪ್ಯಾಡ್ ಕಟ್ಟಿ ಮಾರ್ತೀನಿ ಅಂತ ಹೇಳಿ. ಬರೆದುಕೋತಾರೆ." ದನಿ ಒಂದಿಷ್ಟೂ ಏರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. "ನಿನ್ನ ಹೊಟ್ಟೆಗೆ ಏನು ತಿಂತೀಯೋ ಪಾಪಿ? ಅರ್ಧ ಬನ್ನು ತಿಂದು ಕಂತು ಕಟ್ಟೋ ಮಗು ಅದು. ಊರಲ್ಲಿ ಇಷ್ಟು ಜನ ಇರೋವಾಗ ಅವಳೇ ಬೇಕಿತ್ತಾ ನಿನಗೆ?"

"ಮತ್ತೆ? ಕಟ್ಟದೇ ಇರೋರ ಹೆಸರಲ್ಲಿ ಎತ್ತಿ ಏನು ಮಾಡ್ಲಿ?" ಎಂದ, ನನಗೆ ಬುದ್ಧಿ ಹೇಳುವವನ ಹಾಗೆ. "ಇವರಾದ್ರೆ ಕಟ್ತಾರೆ ಅಕ್ಕ. ತಮ್ಮದಲ್ಲದಿದ್ರೂ ಕಟ್ತಾರೆ."

ಅವನು ಹೇಳಿದ್ದು ನಿಜವಾಗಿತ್ತು. ಹಿಂದಿನ ದಿನ ತಾನೇ ಆ ನೋಟುಗಳನ್ನು ಕೌಂಟರಿನ ಮೇಲೆ ಕಂಡಿದ್ದೆ.

"ಅವಳ ಹೆಸರು ತೆಗೆಸು. ಇಲ್ಲದಿದ್ರೆ ಅಂಗಡಿ ಹೋದ್ರೂ ಹೋಗ್ಲಿ, ನಿನ್ನನ್ನ ಬಿಡಲ್ಲ."

"ಒಂದು ಹೆಸರು ತಾನೇ" ಎಂದು ಅವನು ಆ ಕಂಪನಿಯಲ್ಲಿದ್ದ ತನ್ನ ಕಡೆಯವನಿಗೆ ಫೋನು ಮಾಡಿದ. "ಆ ಲ್ಯಾಬ್ ಹುಡುಗೀದು ಕ್ಲೋಸ್ ಮಾಡು. ಹ್ಞಾಂ. ತಪ್ಪಾಗಿ ಬಂದಿದೆ ಅಂತ ಮೆಸೇಜ್ ಹಾಕು." ಎರಡು ನಿಮಿಷವೂ ಆಗಲಿಲ್ಲ. ಒಂದು ಮಗುವಿನ ಒಂದು ವರ್ಷವನ್ನು ನುಂಗುತ್ತಿದ್ದದ್ದು ಇಷ್ಟು ಸುಲಭವಾಗಿ ಹೋಯಿತೆಂದರೆ, ಇಷ್ಟೇ ಸುಲಭವಾಗಿ ಎಷ್ಟು ಜನರ ಮೇಲೆ ಕೂತಿರಬಹುದು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಅವನು ಕಂತಿನ ಸಾವಿರ ಎಣಿಸಿಕೊಂಡು ಕಾರ್ಡಿಗೆ ಸೀಲು ಒತ್ತಿದ. ಎಂದಿನಂತೆ ಎರಡು ಪ್ಯಾಡ್ ಆರಿಸಿಕೊಂಡು ದೊಡ್ಡ ನೋಟು ಕೊಟ್ಟ. "ಪ್ಯಾಡ್ ಮಾತ್ರ ನಿಲ್ಲಿಸಬೇಡಿ ಅಕ್ಕ" ಎಂದ. ನಾನು ಕಾಗದವನ್ನು ಮತ್ತೆ ಡ್ರಾಯರಿನ ಅಡಿಗೆ ತುರುಕಿ, ಚಿಲ್ಲರೆ ಕೊಟ್ಟೆ.

ಇರುವೆ ಓಡುತ್ತಲೇ ಬಂದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅಕ್ಕ, ತಪ್ಪಾಗಿತ್ತಂತೆ! ಕ್ಲೋಸ್ ಆಯ್ತಂತೆ! ನೀವೇ ಏನೋ ಮಾಡಿದೀರಿ, ನನಗೊತ್ತು. ಅವರಿಗೆ ಫೋನ್ ಮಾಡಿ ಬೈದ್ರಾ?" ಎಂದು ನನ್ನ ಕೊರಳಿಗೆ ಜೋತುಬಿದ್ದಳು. ಹೂಂ ಎಂದೆ. ಆ ಹೊಗಳಿಕೆಯನ್ನೂ ಬಿಡಲಿಲ್ಲ ಈ ಜಿಪುಣಿ.

ಸೋಮವಾರ ಫೀಸು ಕಟ್ಟಿದಳು, ಪರೀಕ್ಷೆ ಬರೆದಳು. ಶುಕ್ರವಾರಗಳು ಬಂದವು, ಹೋದವು. ಕನ್ನಡಕದವನು ಅವಳಿಗೆ ಎಂದಿನಂತೆ ‘ಮೇಡಂ’ ಎನ್ನುತ್ತಿದ್ದ, ಸೀಲು ಒತ್ತುತ್ತಿದ್ದ, ಎರಡು ಪ್ಯಾಡ್ ಒಯ್ಯುತ್ತಿದ್ದ. ಗುರುತಿನ ಚೀಟಿಯ ಹಾಳೆಗಳನ್ನು ಆಯ್ದು ಒಲೆಗೆ ಹಾಕಿ, ಉಳಿದದ್ದನ್ನಷ್ಟೇ ನಾನು ಕಟ್ಟುತ್ತಿದ್ದೆ. ಅಷ್ಟು ನಿಯತ್ತು ಉಳಿದಿತ್ತು. ಅವನು ಮಗುಚಿ ನೋಡಿ, ನನ್ನ ಮುಖ ನೋಡಿ, ದುಡ್ಡು ಕೊಟ್ಟು ಹೋಗುತ್ತಿದ್ದ. ಹಳೆಯ ಪ್ಯಾಡುಗಳೆಲ್ಲ ಅವನ ಹತ್ತಿರವೇ ಇದ್ದವಲ್ಲ. ಐವತ್ತನೇ ಮನೆ ತುಂಬಿದ ದಿನ ಇರುವೆ ಮಾರ್ಕರಿನ ಮುಚ್ಚಳ ಹಾಕಿ ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತ ನಿಂತಳು. "ಇನ್ಮೇಲೆ ಪೂರ್ತಿ ಬನ್ನು ತಿನ್ನೇ" ಎಂದೆ. ನಕ್ಕಳು. ಅವನು ಮಾತ್ರ ಆಮೇಲೂ ಶುಕ್ರವಾರ ತಪ್ಪಿಸಲಿಲ್ಲ.

ಫಲಿತಾಂಶ ಬಂದ ವಾರದ ಗುರುವಾರ ಅದು. ಅವಳ ಅಂಕಪಟ್ಟಿಯ ಕಾಪಿ ತೆಗೆದುಕೊಂಡು ಮರುವಾರ ಆಸ್ಪತ್ರೆಗೆ ಸೇರುವುದಿತ್ತು. ಮಧ್ಯಾಹ್ನ ಕಾಲೇಜಿನ ವಾಚ್‌ಮನ್ ತಾತ ಒಂದು ಕವರ್ ಹಿಡಿದುಕೊಂಡು ಬಂದ. "ಅವ್ವಾ, ಇದರದ್ದೊಂದು ಕಾಪಿ ತೆಗೆದುಕೊಡು. ವಕೀಲರಿಗೆ ಬೇಕಂತೆ. ನಾನು ಮಾಡೇ ಇಲ್ಲದ ಸಾಲಕ್ಕೆ ನೋಟೀಸು ಬಂದಿದೆ. ಸಂಬಳ ಹಿಡಿದುಬಿಟ್ರು."

ಇರುವೆ ನೋಟೀಸಿನ ಹಿಂದೆ ಪಿನ್ನು ಹೊಡೆದಿದ್ದ ಗುರುತಿನ ಚೀಟಿಯ ಕಾಗದವನ್ನು ಮೆಷಿನಿನ ಗಾಜಿನ ಮೇಲಿಟ್ಟಳು. ಕಾಪಿ ಹೊರಬಂತು. "ಅಕ್ಕ, ಡ್ರಮ್ ಮತ್ತೆ ಹೋಯ್ತು ನೋಡಿ" ಎಂದಳು. ಗಾಜು ಒರೆಸಿ ಇನ್ನೊಂದು ತೆಗೆದಳು. ಗೆರೆ ಹೋಗಲಿಲ್ಲ. ಖಾಲಿ ಹಾಳೆ ಹಾಕಿ ನೋಡಿದಳು; ಅದು ಅಚ್ಚ ಬಿಳಿಯಾಗಿ ಬಂತು. ಆಗ ಮುಚ್ಚಳ ಎತ್ತಿ ತಾತ ತಂದ ಕಾಗದವನ್ನೇ ತಿರುಗಿಸಿ ನೋಡಿದಳು. ತಾತನ ಫೋಟೊದ ಪಕ್ಕದಲ್ಲಿ, ಎಡ ಅಂಚಿನಿಂದ ಎರಡು ಬೆರಳು ದೂರದಲ್ಲಿ ಗೆರೆ ಇಳಿದಿತ್ತು. ನಡುವೆ ಬಿಟ್ಟು ಮತ್ತೆ ಶುರುವಾಗಿತ್ತು.

ಅವಳು ಆ ಗೆರೆಯ ಮೇಲೆ ಮೇಲಿಂದ ಕೆಳಕ್ಕೆ ಬೆರಳಾಡಿಸಿದಳು. ಆಮೇಲೆ ಕೇಳಿದ್ದು ಒಂದೇ ಮಾತು.

"ನನಗೂ ಕಾಗದ ಬಂದಿತ್ತಾ ಅಕ್ಕ?"

ಸುಳ್ಳು ಬಾಯಿಯವರೆಗೆ ಬಂತು. ಸ್ಟೂಲಿನ ಮೇಲೆ ಕೂತು ಬೆವರೊರೆಸಿಕೊಳ್ಳುತ್ತಿದ್ದ ತಾತನನ್ನು ನೋಡಿದೆ. "ಬಂದಿತ್ತು" ಎಂದೆ. ಡ್ರಾಯರಿನ ಅಡಿಯಿಂದ ತೆಗೆದು ಕೊಟ್ಟೆ. ಎಲ್ಲವನ್ನೂ ಹೇಳಿದೆ, ಚಿಲ್ಲರೆ ಕೊಟ್ಟದ್ದನ್ನೂ ಬಿಡದೆ. ಬೈಯುತ್ತಾಳೆ ಎಂದು ಕಾದೆ. ನನ್ನ ಸಾಲ ಅವಳ ಮೇಲಿರಲಿಲ್ಲ, ಎಷ್ಟು ಬೇಕಾದರೂ ಬೈಯಬಹುದಿತ್ತು. ಅವಳು ಬೈಯಲಿಲ್ಲ.

"ಎಷ್ಟು ಪ್ಯಾಡ್ ಒಯ್ದಿದಾನೆ? ಅಂದಾಜು ಬೇಡ, ಸರಿಯಾಗಿ ಹೇಳಿ."

"ನಿನ್ನ ಹೆಸರು ತೆಗೆಸಿದ ದಿನದವರೆಗೆ ವಾರಕ್ಕೆ ಎರಡರ ಹಾಗೆ. ಎಂಬತ್ತೆಂಟು."

"ಪ್ಯಾಡಿಗೆ ಐವತ್ತು ಹಾಳೆ. ಗೆರೆ ಇರೋದು ಒಂಬತ್ತು ದಿನದ ಹಾಳೆಗೆ ಮಾತ್ರ." ಸ್ವಲ್ಪ ಯೋಚಿಸಿದಳು. "ಗೆರೆ ಇಲ್ಲದ್ದು ಯಾರ್ಯಾರದು ಅಂತ ಅವರಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ."

ಹೊಸ ಹಾಳೆಯ ಕಟ್ಟು ಒಡೆದಳು. ಬೀರುವಿನ ಬಾಗಿಲ ಮೇಲಿದ್ದ ತನ್ನ ಐವತ್ತು ಕಪ್ಪು ಮನೆಗಳನ್ನು ಜೋಪಾನವಾಗಿ ಕಿತ್ತು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆ ಜಾಗದಲ್ಲಿ ಹೊಸ ಹಾಳೆ ಅಂಟಿಸಿ, ಸ್ಕೇಲ್ ಹಿಡಿದು ಮನೆಗಳನ್ನು ಎಳೆಯತೊಡಗಿದಳು. ಹಾಳೆ ತುಂಬಿತು. ಅದರ ಕೆಳಗೆ ಇನ್ನೊಂದು ಅಂಟಿಸಿದಳು. ಮೊದಲನೇ ಮನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ವಾಚ್‌ಮನ್ ತಾತ’ ಎಂದು ಬರೆದಳು. ತುಂಬಲಿಲ್ಲ. ಮಾರ್ಕರನ್ನು ನನ್ನ ಕೈಗೆ ಕೊಟ್ಟಳು.

"ಇವರ ದುಡ್ಡು ವಾಪಸ್ ಬಂದ ದಿನ ನೀವೇ ತುಂಬಿ" ಎಂದು, ತಾತನ ಕೈ ಹಿಡಿದು ಎಬ್ಬಿಸಿದಳು. "ನಡೀರಿ ತಾತ, ಪೊಲೀಸ್ ಸ್ಟೇಷನ್ನಿಗೆ. ಎರಡು ಕಾಗದ ಇದೆ ಈಗ." ಬಾಗಿಲ ಹತ್ತಿರ ತಿರುಗಿ ನನ್ನನ್ನು ನೋಡಿದಳು. "ನೀವೂ ಬರ್ಬೇಕು ಆಂಟಿ."

ಅಂಗಡಿಯ ಷಟರ್ ಎಳೆದು ಬೀಗ ಹಾಕಲು ಬಗ್ಗಿದೆ. ಮರುದಿನ ಶುಕ್ರವಾರ, ಐದು ಗಂಟೆಗೆ ಅವನು ಬರುವ ದಿನ.